ಪಾಕಿಸ್ತಾನದ 2007: ಪ್ರಕ್ಷುಬ್ಧ ವರ್ಷವೊಂದರ ಘಟನಾವಳಿಯನ್ನು ಬರೆದುಕೊಳ್ಳುವ ಕ್ರಮ

ರಾಜಕೀಯ ತಳಮಳ ಮತ್ತು ಉಗ್ರರ ಹಿಂಸೆ ಎರಡೂ ಒಟ್ಟಿಗೆ ಕಾಡಿದ ವರ್ಷದ ಬಗ್ಗೆ ಬರೆಯಲು ಹೊರಟವರು ಸಾಮಾನ್ಯವಾಗಿ ತಾರೀಖುಗಳನ್ನು ಒಂದರ ಕೆಳಗೊಂದು ಜೋಡಿಸಿಬಿಡುತ್ತಾರೆ. ಹಾಗೆ ಜೋಡಿಸಿದಾಗ ಮೊದಲು ನಡೆದದ್ದೇ ಆಮೇಲೆ ನಡೆದದ್ದಕ್ಕೆ ಕಾರಣವೆಂಬ ಭ್ರಮೆ ಹುಟ್ಟುತ್ತದೆ. ಅದನ್ನು ತಪ್ಪಿಸುವ ಬಗೆಯನ್ನು ಪಾಕಿಸ್ತಾನದ 2007ನೇ ಇಸವಿಯ ಉದಾಹರಣೆಯಿಂದ ವಿವರಿಸುತ್ತೇನೆ.

ದೊಡ್ಡ ಹಾಳೆಯೊಂದನ್ನು ತೆಗೆದುಕೊಂಡು ನಡುವೆ ಗೆರೆ ಎಳೆಯಿರಿ. ಎಡಗಡೆ ನ್ಯಾಯಾಲಯ ಮತ್ತು ರಾಜಕೀಯ, ಬಲಗಡೆ ಉಗ್ರರು ಮತ್ತು ಸೇನೆ. ಅಧ್ಯಕ್ಷ ಪರ್ವೇಜ್ ಮುಷರಫ್ ಅವರು ಮುಖ್ಯ ನ್ಯಾಯಮೂರ್ತಿ ಇಫ್ತಿಕಾರ್ ಚೌಧರಿ ಅವರನ್ನು ಅಮಾನತಿನಲ್ಲಿಟ್ಟ ಮಾರ್ಚ್ 9ರಿಂದ ಎಡಗಡೆಯ ಅಂಕಣ ಆರಂಭವಾಗುತ್ತದೆ. ಇಲ್ಲಿ ಘಟನೆಯ ಹೆಸರನ್ನಷ್ಟೇ ಬರೆದು ಮುಂದೆ ಹೋಗಬೇಡಿ, ಅದರ ಗಾತ್ರ ತಿಳಿಯುವಂತಹ ಒಂದು ವಿವರವನ್ನೂ ಸೇರಿಸಿ. ಮೇ 5ರಂದು ಚೌಧರಿ ಅವರು ಇಸ್ಲಾಮಾಬಾದಿನಿಂದ ಲಾಹೋರಿಗೆ ರಸ್ತೆಯಲ್ಲಿ ಹೊರಟಾಗ, ನಾಲ್ಕೈದು ಗಂಟೆಗಳ ಆ ಹಾದಿಗೆ ಸುಮಾರು ಒಂದು ಇಡೀ ದಿನ ಹಿಡಿಯಿತು. ಕಪ್ಪು ಕೋಟು ತೊಟ್ಟ ವಕೀಲರೂ ಸಾಮಾನ್ಯ ಜನರೂ ಊರೂರಿನಲ್ಲಿ ಕಾರಿಗೆ ಗುಲಾಬಿ ಎಸಳು ಎರಚುತ್ತಾ ರಾತ್ರಿಯಿಡೀ ಕಾದು ನಿಂತಿದ್ದರು. ಒಂದೇ ವಾರದ ಬಳಿಕ, ಮೇ 12ರಂದು, ಕರಾಚಿಯ ರಸ್ತೆಗಳಿಗೆ ಕಂಟೇನರ್‌ಗಳನ್ನು ಅಡ್ಡ ನಿಲ್ಲಿಸಲಾಯಿತು, ಅಲ್ಲಿಗೆ ಬಂದಿಳಿದ ಚೌಧರಿ ಅವರಿಗೆ ವಿಮಾನ ನಿಲ್ದಾಣದಿಂದ ಹೊರಬರಲಾಗಲಿಲ್ಲ, ನಗರದಲ್ಲಿ 40ಕ್ಕೂ ಹೆಚ್ಚು ಜನ ಸತ್ತರು. ಈ ಸಾವುಗಳು ಎಡಗಡೆಗೇ ಸೇರಬೇಕು. ಹಿಂಸೆಯೆಂದರೆ ಉಗ್ರರದ್ದೇ ಎಂದು ಭಾವಿಸಿ ಇವನ್ನು ಬಲಕ್ಕೆ ತಳ್ಳಿದರೆ ಇಡೀ ಲೆಕ್ಕ ತಪ್ಪುತ್ತದೆ.

ಬಲಗಡೆಯಲ್ಲಿ ಜುಲೈ ತಿಂಗಳಿಗೆ ಹೆಚ್ಚು ಜಾಗ ಬಿಡಿ. ಶಸ್ತ್ರಸಜ್ಜಿತ ಉಗ್ರರು ಸೇರಿಕೊಂಡಿದ್ದ ಇಸ್ಲಾಮಾಬಾದಿನ ಲಾಲ್ ಮಸೀದಿಗೆ ಸರ್ಕಾರಿ ಪಡೆಗಳು ಹಾಕಿದ ಮುತ್ತಿಗೆ ಜುಲೈ 3ರಂದು ಆರಂಭವಾಗಿ 11ರಂದು ಮುಗಿಯಿತು. ಅದರ ಬೆನ್ನಲ್ಲೇ ಅಫ್ಘಾನಿಸ್ತಾನದ ಗಡಿಯಲ್ಲಿರುವ ಉತ್ತರ ವಜೀರಿಸ್ತಾನದಲ್ಲಿ ಸರ್ಕಾರಕ್ಕೂ ಉಗ್ರರಿಗೂ 2006ರ ಸೆಪ್ಟೆಂಬರಿನಲ್ಲಿ ಆಗಿದ್ದ ಶಾಂತಿ ಒಪ್ಪಂದ ಮುರಿದುಬಿತ್ತು, ಆತ್ಮಾಹುತಿ ದಾಳಿಗಳು ಹೆಚ್ಚಿದವು. ಮಸೀದಿಯಲ್ಲಿ ಸತ್ತವರು ನೂರರ ಆಸುಪಾಸು ಎಂದು ಸರ್ಕಾರ ಹೇಳಿತು. ಮಸೀದಿಯ ಕಡೆಯವರು ಅದಕ್ಕಿಂತ ಬಹಳ ಹೆಚ್ಚೆಂದರು. ಇಂಥಲ್ಲಿ ಎರಡನ್ನೂ ಕೂಡಿಸಿ ಸರಾಸರಿ ಮಾಡಬಾರದು. ಯಾರು ಹೇಳಿದರು ಎಂಬುದರ ಸಮೇತ ಎರಡನ್ನೂ ಬರೆದಿಡಬೇಕು.

ಈಗ ಎರಡು ಅಂಕಣಗಳು ಎಲ್ಲಿ ಒಂದನ್ನೊಂದು ಮುಟ್ಟುತ್ತವೆ ಎಂದು ಹುಡುಕಿ. ನನ್ನ ದೃಷ್ಟಿಯಲ್ಲಿ ಆ ವರ್ಷದ ಕೀಲಿ ಇರುವುದು ನವೆಂಬರ್ 3ರ ತುರ್ತು ಪರಿಸ್ಥಿತಿಯ ಘೋಷಣೆಯಲ್ಲಿ. ಅಂಥ ದಾಖಲೆಯನ್ನು ಓದುವಾಗ ಮೊದಲು ಸಹಿ ನೋಡಬೇಕು: ಮುಷರಫ್ ಅದನ್ನು ಹೊರಡಿಸಿದ್ದು ಅಧ್ಯಕ್ಷರಾಗಿ ಅಲ್ಲ, ಸೇನಾ ಮುಖ್ಯಸ್ಥರಾಗಿ. ಆಮೇಲೆ ಅದರಲ್ಲಿ ಹೇಳಿದ ಕಾರಣ ನೋಡಬೇಕು: ಉಗ್ರರ ದಾಳಿಗಳು ಹೆಚ್ಚಿವೆ, ನ್ಯಾಯಾಂಗದ ಕೆಲವರು ಸರ್ಕಾರಕ್ಕೆ ಅಡ್ಡಿಯಾಗಿದ್ದಾರೆ ಎಂದು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಲಾಗಿತ್ತು. ಕೊನೆಗೆ, ಬಂಧನಕ್ಕೊಳಗಾದವರು ಯಾರೆಂದು ನೋಡಬೇಕು. ಸಾವಿರಾರು ವಕೀಲರು, ರಾಜಕೀಯ ಕಾರ್ಯಕರ್ತರು ಜೈಲು ಸೇರಿದರು; ನ್ಯಾಯಮೂರ್ತಿಗಳು ಗೃಹಬಂಧನದಲ್ಲಿದ್ದರು. ಅದೇ ದಿನಗಳಲ್ಲಿ ದಕ್ಷಿಣ ವಜೀರಿಸ್ತಾನದಲ್ಲಿ ಒತ್ತೆಯಾಗಿದ್ದ 200ಕ್ಕೂ ಹೆಚ್ಚು ಸೈನಿಕರನ್ನು ಬಿಡಿಸಿಕೊಳ್ಳಲು ಸರ್ಕಾರ ಸುಮಾರು 25 ಉಗ್ರರನ್ನು ಬಿಡುಗಡೆ ಮಾಡಿತು. ಈ ಎರಡು ಸಾಲುಗಳನ್ನು ಅಕ್ಕಪಕ್ಕ ಬರೆದರೆ ಹೆಚ್ಚಿನ ವ್ಯಾಖ್ಯಾನ ಬೇಕಾಗುವುದಿಲ್ಲ.

ಡಿಸೆಂಬರ್ 27ರಂದು ರಾವಲ್ಪಿಂಡಿಯಲ್ಲಿ ನಡೆದ ಮಾಜಿ ಪ್ರಧಾನಿ ಬೆನಜೀರ್ ಭುಟ್ಟೊ ಹತ್ಯೆಯನ್ನು ಬರೆಯುವಾಗ ಅತಿ ಹೆಚ್ಚು ಎಚ್ಚರ ಬೇಕು. ಸ್ಫೋಟದ ರಭಸಕ್ಕೆ ಕಾರಿನ ಚಾವಣಿ ಕಿಂಡಿಯ ಹಿಡಿಕೆಗೆ ತಲೆ ಬಡಿಯಿತು ಎಂದಿತು ಸರ್ಕಾರ. ಗುಂಡೇ ಕಾರಣವೆಂದಿತು ಅವರ ಪಕ್ಷ. ಮರಣೋತ್ತರ ಪರೀಕ್ಷೆ ನಡೆಯಲಿಲ್ಲ, ಎರಡು ಗಂಟೆಯೊಳಗೆ ಸ್ಥಳವನ್ನು ನೀರು ಹಾಯಿಸಿ ತೊಳೆಯಲಾಯಿತು. 2010ರಲ್ಲಿ ವಿಶ್ವಸಂಸ್ಥೆಯ ಆಯೋಗ ಇದನ್ನು ಕಟುವಾಗಿ ಟೀಕಿಸಿತು. ಖಚಿತವಾದದ್ದು ತೊಳೆದ ರಸ್ತೆ. ಅದನ್ನು ನಿಮ್ಮ ವಾಕ್ಯವಾಗಿ ಬರೆಯಿರಿ, ಉಳಿದ ವಾದಗಳನ್ನು ಹೇಳಿದವರ ಹೆಸರಿನಲ್ಲಿಯೇ ಬರೆಯಿರಿ.

ಹಾಳೆಯನ್ನು ಡಿಸೆಂಬರ್ 31ಕ್ಕೆ ಕತ್ತರಿಸಬೇಡಿ. ಜನವರಿ 8ಕ್ಕೆ ನಿಗದಿಯಾಗಿದ್ದ ಚುನಾವಣೆ ನಡೆದದ್ದು 2008ರ ಫೆಬ್ರುವರಿ 18ರಂದು, ಚೌಧರಿ ಅವರು ಮತ್ತೆ ಪೀಠಕ್ಕೆ ಮರಳಿದ್ದು 2009ರ ಮಾರ್ಚಿನಲ್ಲಿ. ವಕೀಲರ ಚಳವಳಿಯ ಸಾಲನ್ನು ಅಲ್ಲಿಗೆ ನಿಲ್ಲಿಸಬಹುದು. ಬಲಗಡೆಗೆ ಮಾತ್ರ ಹಾಳೆ ಅಂಟಿಸುತ್ತಲೇ ಹೋಗಬೇಕಾಗುತ್ತದೆ: 2007ರ ಡಿಸೆಂಬರಿನಲ್ಲಿ ಬೈತುಲ್ಲಾ ಮೆಹಸೂದ್ ನಾಯಕತ್ವದಲ್ಲಿ ಒಂದಾದ ಪಾಕಿಸ್ತಾನಿ ತಾಲಿಬಾನ್, ಏಳು ವರ್ಷಗಳ ಬಳಿಕ ಇನ್ನೊಂದು ಡಿಸೆಂಬರಿನಲ್ಲಿ ಪೇಶಾವರದ ಸೇನಾ ಶಾಲೆಗೆ ನುಗ್ಗಿ 130ಕ್ಕೂ ಹೆಚ್ಚು ಮಕ್ಕಳನ್ನು ಕೊಂದಿತು.