ಗಾಡಿ ಪಲ್ಟಿ ಆದ್ಮೇಲೂ ಆಟ ಇದೆ

ಬೇರೆ ಕಾರ್ ರೇಸ್ ವಿಡಿಯೋ ಗೇಮ್‌ಗಳಲ್ಲಿ ಗುದ್ದಿದರೆ ಕೆಟ್ಟಿತು ಅಂತಲೇ ಲೆಕ್ಕ. ಬರ್ನ್‌ಔಟ್‌ನಲ್ಲಿ ಹಾಗಲ್ಲ, ಅಲ್ಲಿ ಗುದ್ದುವುದೇ ಆಟ. ಇಂಗ್ಲೆಂಡಿನ ಕ್ರೈಟೀರಿಯನ್ ಗೇಮ್ಸ್ ಮಾಡಿದ ಈ ಸರಣಿಯ ಮೊದಲ ಆಟ ಬಂದದ್ದು 2001ರಲ್ಲಿ. ನನಗೆ ಹುಚ್ಚು ಹಿಡಿಸಿದ್ದು 2004ರ ಬರ್ನ್‌ಔಟ್ 3: ಟೇಕ್‌ಡೌನ್. ಅದಾದ ಮೇಲೆ ಎಷ್ಟೋ ರೇಸ್ ಆಡಿದೆ, ಅಷ್ಟು ಮೈ ಜುಮ್ಮೆನ್ನಿಸಿದ ಆಟ ಇನ್ನೊಂದಿಲ್ಲ.

ಕಲಿತದ್ದು ಬಳ್ಳಾರಿಯ ಕೌಲ್ ಬಜಾರ್‌ನ ಒಂದು ಗೇಮ್ ಅಂಗಡಿಯಲ್ಲಿ. ಗಂಟೆ ಲೆಕ್ಕದಲ್ಲಿ ದುಡ್ಡು, ಪ್ಲೇಸ್ಟೇಷನ್ 2, ಹಳೇ ಡಬ್ಬಾ ಟಿವಿ. ಹೊರಗೆ ನಮ್ಮೂರಿನ ಬೇಸಿಗೆ ಬಿಸಿಲು. ಒಳಗೆ ಒಂದೇ ಫ್ಯಾನ್ ಕೆಳಗೆ ಹುಡುಗರ ಗುಂಪು. ಅಂಗಡಿಯ ಅಣ್ಣ ಒಂದು ದಿನ ನನ್ನ ಹಿಂದೆ ನಿಂತು ನೋಡಿ ಹೇಳಿದ: "ನಿನ್ ಗಾಡಿ ಯಾಕ್ ನೋಡ್ತೀಯಲೇ ತಮ್ಮಾ? ಅದೆಲ್ಲಿ ಹೋಗ್ತೈತಿ? ದೂರ ನೋಡು."

ಈ ಆಟದ ಅರ್ಧ ವಿದ್ಯೆ ಅದರಲ್ಲೇ ಇದೆ. ಸೆಕೆಂಡಿಗೆ 60 ಚಿತ್ರದಂತೆ ರಸ್ತೆ ನುಗ್ಗಿ ಬರುತ್ತಿರುತ್ತದೆ. ಎದುರಿನ ಬಸ್ಸು ಬಸ್ಸಾಗಿ ಕಾಣುವ ಹೊತ್ತಿಗೆ ಕೈ ಮೀರಿರುತ್ತದೆ. ಅದು ದೂರದಲ್ಲಿ ಚುಕ್ಕೆ ಆಗಿದ್ದಾಗಲೇ ಎಡಕ್ಕೋ ಬಲಕ್ಕೋ ಅಂತ ತೀರ್ಮಾನ ಮಾಡಬೇಕು. ರೂಢಿ ಆದ ಮೇಲೆ ಕೈ ತಾನಾಗಿಯೇ ತಿರುಗುತ್ತದೆ.

ಇನ್ನು ಬೂಸ್ಟ್, ಅಂದರೆ ಗುಂಡಿ ಒತ್ತಿದರೆ ಗಾಡಿಗೆ ಸಿಗುವ ಹೆಚ್ಚಿನ ವೇಗ. ಅದು ಪುಕ್ಕಟೆ ಸಿಗಲ್ಲ. ಎದುರಿಂದ ಗಾಡಿ ಬರುವ ಲೇನ್‌ನಲ್ಲಿ ಓಡಿಸಬೇಕು, ಕೂದಲೆಳೆಯಲ್ಲಿ ತಪ್ಪಿಸಿಕೊಳ್ಳಬೇಕು, ತಿರುವಿನಲ್ಲಿ ಗಾಡಿ ಜಾರಿಸಿ ಡ್ರಿಫ್ಟ್ ಹೊಡೆಯಬೇಕು. ಅಂದರೆ ಹೆದರಿ ತನ್ನ ಪಾಡಿಗೆ ಓಡಿಸುವವನು ನಿಧಾನವಾಗೇ ಇರುತ್ತಾನೆ. ಹೊಸಪೇಟೆ ರಸ್ತೆಯಲ್ಲಿ ಅದಿರು ಲಾರಿಗಳ ಸಾಲು ನೋಡುತ್ತಾ ಬೆಳೆದವನು ನಾನು. ಅಪ್ಪನ ಬೈಕ್ ಹಿಂದೆ ಕೂತಾಗ ಎದುರು ಲಾರಿ ಬಂದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಆಟದಲ್ಲಿ ಕಣ್ಣು ಬಿಟ್ಟುಕೊಂಡೇ ಅದರ ಮೈ ಸವರಿಕೊಂಡು ಹೋಗಬಹುದು. ಆ ಖುಷಿಯೇ ಬೇರೆ.

ಟೇಕ್‌ಡೌನ್ ಅಂದರೆ ಎದುರಾಳಿಯ ಗಾಡಿಯನ್ನು ಬೀಳಿಸುವುದು. ಪಕ್ಕಕ್ಕೆ ಬಂದ ಕೂಡಲೇ ಗುದ್ದಬೇಡಿ. ಬರೀ ಅಲುಗಾಡುತ್ತಾನೆ, ಬೀಳಲ್ಲ. ಅವನ ಹಿಂದಿನ ಚಕ್ರದ ಸಮಕ್ಕೆ ನಿಮ್ಮ ಗಾಡಿಯ ಮೂತಿ ಇಟ್ಟುಕೊಂಡು ಕಾಯಿರಿ. ಮುಂದೆ ಗೋಡೆಯೋ, ಸೇತುವೆ ಕಂಬವೋ, ಎದುರು ಬರುವ ಟ್ರಕ್ಕೋ ಅವನ ಬದಿಗೆ ಬರುತ್ತಿದೆ ಅಂದಾಗ ಬೂಸ್ಟ್ ಒತ್ತಿ ಅವನನ್ನು ಅದರತ್ತ ತಳ್ಳಿ. ಕಿಡಿ ಹಾರುತ್ತದೆ, ತಗಡು ಹರಿದ ಸದ್ದು ಬರುತ್ತದೆ, ಅವನ ಗಾಡಿ ನುಜ್ಜುಗುಜ್ಜಾಗುವುದನ್ನು ಕ್ಯಾಮೆರಾ ತಿರುಗಿ ತೋರಿಸುತ್ತದೆ. ಪರದೆ ಮೇಲಿನ ಬೂಸ್ಟ್ ಪಟ್ಟಿ ಪೂರ್ತಿ ತುಂಬಿ ಉದ್ದವೂ ಆಗುತ್ತದೆ. ಹೀಗೆ ಮೊದಲಿನ ನಾಲ್ಕರಷ್ಟು ಉದ್ದದವರೆಗೆ ಬೆಳೆಸಬಹುದು. ಕ್ಯಾಮೆರಾ ವಾಪಸ್ ಬರುವ ಹೊತ್ತಿಗೆ ಮಾತ್ರ ಕಣ್ಣು ಮತ್ತೆ ದೂರಕ್ಕೆ ನೆಟ್ಟಿರಲಿ.

ನನಗೆ ಎಲ್ಲಕ್ಕಿಂತ ಇಷ್ಟ ಆಫ್ಟರ್‌ಟಚ್. ನಮ್ಮ ಗಾಡಿಯೇ ಹಾರಿ ಬಿತ್ತು ಅನ್ನಿ. ಬೂಸ್ಟ್ ಗುಂಡಿ ಒತ್ತಿ ಹಿಡಿದರೆ ಕಾಲ ನಿಧಾನ ಆಗುತ್ತದೆ. ಉರುಳುತ್ತಿರುವ ಗಾಡಿಯನ್ನೇ ಸ್ಟಿಕ್‌ನಿಂದ ತಿರುಗಿಸಿ, ಹಿಂದಿನಿಂದ ಬರುವ ಎದುರಾಳಿಗೆ ಅಡ್ಡ ಹಾಕಬಹುದು. ಅವನೂ ಬಿದ್ದರೆ ನಿಮ್ಮ ಬೂಸ್ಟ್ ಉಳಿಯುತ್ತದೆ. ಅಂಗಡಿ ಹುಡುಗರೆಲ್ಲ ಎದ್ದು ಕೂಗುತ್ತಿದ್ದದ್ದು ಆಗಲೇ: "ಒರಗಲೇ, ಈ ಕಡಿ ಒರಗು!" ಸೋತೆ ಅಂದುಕೊಂಡ ಕ್ಷಣದಲ್ಲೂ ಆಟಗಾರನ ಕೈಯಲ್ಲಿ ಏನೋ ಒಂದು ಬಿಟ್ಟಿರುವುದು ದೊಡ್ಡ ಮಾತು, ಅಲ್ವಾ?

ಕ್ರ್ಯಾಶ್ ಮೋಡ್ ಬೇರೆಯೇ ಲೋಕ. ಗಾಡಿ ತುಂಬಿದ ಜಂಕ್ಷನ್‌ಗೆ ನುಗ್ಗಿ ಎಷ್ಟು ಡಾಲರ್ ನಷ್ಟ ಮಾಡಿದಿರಿ ಅನ್ನುವುದೇ ಅಂಕ. ಇಲ್ಲಿ ವೇಗಕ್ಕಿಂತ ಲೆಕ್ಕಾಚಾರ ಜಾಸ್ತಿ. ಯಾವ ಟ್ಯಾಂಕರ್ ಯಾವಾಗ ದಾಟುತ್ತದೆ ಅಂತ ಮೊದಲು ಸುಮ್ನೆ ನೋಡಿಕೊಳ್ಳಿ.

ಇದೇ ಸರಣಿಯ 2005ರ ಆಟ ರಿವೆಂಜ್‌ನಲ್ಲಿ ನಮ್ಮ ದಿಕ್ಕಿಗೇ ಹೋಗುವ ಸಣ್ಣ ಗಾಡಿಗಳನ್ನು ಗುದ್ದಿ ಎಸೆಯಬಹುದು. ಎಷ್ಟೋ ಜನಕ್ಕೆ ಅದು ಇಷ್ಟ. ನನಗೆ ಅದರಿಂದ ಭಯ ಕಮ್ಮಿ ಆಯಿತು ಅನ್ನಿಸುತ್ತದೆ. ಭಯ ಕಮ್ಮಿ ಆದರೆ ವೇಗವೂ ಸಪ್ಪೆ. 2008ರ ಪ್ಯಾರಡೈಸ್ ಬೇಕಾದಂತೆ ಓಡಿಸಲು ಇಡೀ ಊರನ್ನೇ ಬಿಟ್ಟುಕೊಡುತ್ತದೆ. ಅದರ ಚಿತ್ರ ಚೊಕ್ಕ ಮಾಡಿದ ರೀಮಾಸ್ಟರ್ಡ್ ಆವೃತ್ತಿ 2018ರಿಂದ ಕಂಪ್ಯೂಟರ್‌ನಲ್ಲೂ ಸಿಗುತ್ತದೆ.

ಹೊಸ ಎಲ್‌ಇಡಿ ಟಿವಿಯಲ್ಲಿ ಆಡುವುದಾದರೆ ಸೆಟ್ಟಿಂಗ್‌ನಲ್ಲಿ ಗೇಮ್ ಮೋಡ್ ಹಾಕಿಕೊಳ್ಳಿ. ಇಲ್ಲದಿದ್ದರೆ ಗುಂಡಿ ಒತ್ತಿದ್ದಕ್ಕೂ ಗಾಡಿ ತಿರುಗಿದ್ದಕ್ಕೂ ನಡುವೆ ಸಣ್ಣ ತಡ ಬರುತ್ತದೆ. ಈ ವೇಗದಲ್ಲಿ ಆ ತಡ ಸಾಕು, ಬಸ್ಸಿನ ಕೆಳಗೆ ಹೋಗಲು.

ಮೊದಲ ಸಲ ಆಡುವವರಿಗೆ ನಾನು ಹೇಳುವುದು ಟೇಕ್‌ಡೌನ್ ಆಟದ ರೋಡ್ ರೇಜ್ ಮೋಡ್. ಅಕ್ಕನ ಮಗನನ್ನೂ ಅದರಿಂದಲೇ ಶುರು ಮಾಡಿಸಿದೆ. ಯಾರು ಮೊದಲು ಬಂದರು ಅನ್ನುವ ತಲೆನೋವಿಲ್ಲ. ನಿಮ್ಮ ಗಾಡಿ ಪೂರ್ತಿ ಜಖಂ ಆಗುವ ಮೊದಲು, ಕೊಟ್ಟ ಹೊತ್ತಿನಲ್ಲಿ ಎಷ್ಟು ಜನರನ್ನು ಬೀಳಿಸಿದಿರಿ ಅನ್ನುವುದಷ್ಟೇ. ಈಗ ಪರದೆ ಇಬ್ಬರಿಗೂ ಹಂಚಿದ ಸ್ಪ್ಲಿಟ್ ಸ್ಕ್ರೀನ್‌ನಲ್ಲಿ ಅಕ್ಕನ ಮಗ "ಮಾಮಾ, ಗ್ವಾಡಿಗೆ ಹಚ್ತೀನಿ ನೋಡು" ಅಂತ ಮೊದಲೇ ಹೇಳಿ, ಹೇಳಿದ ಹಾಗೇ ಹಚ್ಚುತ್ತಾನೆ.