ಸದ್ದು ಕಡಿಮೆ, ಬಾಳಿಕೆ ಹೆಚ್ಚು: ದಾರ ಎಳೆಯುವ ಸ್ವಿಚ್ ಆರಿಸುವುದು ಹೇಗೆ?

ಬಚ್ಚಲಲ್ಲಿ ಒದ್ದೆ ಕೈಯಿಂದ ಸ್ವಿಚ್ ಬೋರ್ಡ್ ಮುಟ್ಟುವಂತಿಲ್ಲ. ಮೊಣಕಾಲು ನೋವಿರುವ ಅಜ್ಜಿ ಕತ್ತಲಲ್ಲಿ ಎದ್ದು ಗೋಡೆ ತಡವರಿಸುವಂತಿಲ್ಲ. ಇಂಥ ಕಡೆ ಮೇಲಿನಿಂದ ಇಳಿಬಿಟ್ಟ ದಾರ ಎಳೆದರೆ ದೀಪ ಹತ್ತುವ ಸ್ವಿಚ್ಚೇ ಸರಿ. ಆದರೆ ಅದೇ ಕೋಣೆಯಲ್ಲಿ ಕೂಸು ಮಲಗಿದ್ದರೆ ನಡುರಾತ್ರಿಯ 'ಟಕ್' ಎಲ್ಲರನ್ನೂ ಎಬ್ಬಿಸುತ್ತದೆ.

ಒಳಗೆ ಇರುವುದು ಒಂದು ಹಲ್ಲಿನ ಚಕ್ರ, ಒಂದು ಸ್ಪ್ರಿಂಗ್. ಒಮ್ಮೆ ಎಳೆದರೆ ಚಕ್ರ ಒಂದು ಹಲ್ಲು ತಿರುಗಿ ದೀಪ ಹತ್ತುತ್ತದೆ, ಮತ್ತೆ ಎಳೆದರೆ ಆರುತ್ತದೆ. ಹಲ್ಲು ಜಾರಿ ಬೀಳುವುದೇ ಆ ಸದ್ದು. ಅಂಗಡಿಯಲ್ಲಿ ಸ್ವಿಚ್ಚನ್ನು ಅಂಗೈಯಲ್ಲಿ ಹಿಡಿದು ಎಳೆದು ನೋಡಬೇಡಿ. ಅಂಗೈ ಸದ್ದನ್ನು ನುಂಗಿಬಿಡುತ್ತದೆ. ಅದರ ಬೆನ್ನನ್ನು ಕಟ್ಟಿಗೆಯ ಕೌಂಟರಿಗೆ ಒತ್ತಿ ಹಿಡಿದು ಎಳೆಯಿರಿ. ಮನೆಯಲ್ಲಿ ಕೇಳುವ ಸದ್ದು ಅದು. ಚೂಪಾದ 'ಟಕ್' ಬದಲು ಮಂದವಾದ 'ಟುಕ್' ಬಂದರೆ ಒಳ್ಳೆಯದು.

ನಂತರ ಬಹಳ ನಿಧಾನವಾಗಿ ಎಳೆಯಿರಿ. ಒಂದು ಬಿಂದುವಿನಲ್ಲಿ ಖಚಿತವಾಗಿ ಮಗುಚಬೇಕು. ಅಂಗಡಿಯವರ ಬಳಿ ಮಲ್ಟಿಮೀಟರ್ (ಕರೆಂಟ್ ಹರಿಯುವ ದಾರಿ ಕೂಡಿದರೆ ಬೀಪ್ ಎನ್ನುವ ಮೀಟರ್) ಇದ್ದರೆ ವೈರ್ ಸೇರಿಸುವ ಎರಡು ಟರ್ಮಿನಲ್‌ಗೆ ಹಿಡಿದು, ದಾರವನ್ನು ಅರ್ಧಕ್ಕೆ ನಿಲ್ಲಿಸಿ ನೋಡಿ. ಬೀಪ್ ತಡವರಿಸಿದರೆ ಆ ಸ್ವಿಚ್ ಬೇಡ: ಒಳಗಿನ ಲೋಹದ ಕಾಂಟ್ಯಾಕ್ಟ್ ಅರೆಬರೆ ಕೂತಲ್ಲಿ ಕಿಡಿ ಹಾರುತ್ತದೆ, ಬಿಸಿಯಾಗುತ್ತದೆ, ಕಪ್ಪಾಗುತ್ತದೆ. 20–25 ಸಲ ಎಳೆದಾಗ ಒಂದು ಸಲವೂ ತಪ್ಪಬಾರದು.

ಮೈಮೇಲೆ ಐಎಸ್‌ಐ ಗುರುತು, 6 ಆಂಪಿಯರ್, 240 ವೋಲ್ಟ್ ಎಂದಿರಲಿ. 9 ವಾಟ್ ಎಲ್‌ಇಡಿ ಬಲ್ಬ್ 0.04 ಆಂಪಿಯರ್‌ನಷ್ಟೇ ಎಳೆಯುವುದರಿಂದ ಇದು ಧಾರಾಳ. 2000 ವಾಟ್ ಗೀಸರ್‌ಗೆ ಸುಮಾರು 8.7 ಆಂಪಿಯರ್ ಬೇಕು, ಅದನ್ನು ಇದಕ್ಕೆ ಜೋಡಿಸಲೇಬೇಡಿ. ವಾಲ್ ಫ್ಯಾನಿನ ಪುಟ್ಟ ದಾರದ ಸ್ವಿಚ್ಚೂ ಬೇಡ. ಅದು ಫ್ಯಾನಿನ ಹೊಟ್ಟೆಯೊಳಗೆ ಕೂರಲು ಮಾಡಿದ್ದು, ಟರ್ಮಿನಲ್ ಬಯಲಾಗಿರುತ್ತದೆ.

ಮೊದಲು ಕೆಡುವುದು ಹೆಚ್ಚಾಗಿ ದಾರ, ಅದೂ ಅದು ಹೊರಬರುವ ತೂತಿನ ಬಾಯಲ್ಲಿ. ಬೆರಳು ಹಾಕಿ ನೋಡಿ, ಅಂಚು ನುಣ್ಣಗೆ ದುಂಡಗಿರಬೇಕು. ಸ್ವಿಚ್ ಕೆಳಗೆ ಒಂದು ಗುಬುಟು ಇದ್ದು ಅಲ್ಲಿಂದ ದಾರ ಬದಲಿಸಲು ಬರುವಂತಿದ್ದರೆ ಮುಚ್ಚಳ ಬಿಚ್ಚುವ ಕೆಲಸ ತಪ್ಪುತ್ತದೆ. ಹತ್ತಿ ದಾರ ನಮ್ಮ ಬೋರ್‌ವೆಲ್‌ನ ಗಡಸು ನೀರು, ಸೋಪು ಕುಡಿದು ಬಿರುಸಾಗುತ್ತದೆ. ಗೌಂಡಿಗಳು ಬಳಸುವ 2 ಮಿಲಿಮೀಟರ್ ನೈಲಾನ್ ದಾರ ಉತ್ತಮ. ನೈಲಾನ್ ಗಂಟು ಜಾರುತ್ತದೆ, ಹಾಗಾಗಿ ಎರಡು ಗಂಟು ಹಾಕಿ ತುದಿಯನ್ನು ಬೆಂಕಿಕಡ್ಡಿಯಿಂದ ಕರಗಿಸಿ. ಬಚ್ಚಲಲ್ಲಿ ಲೋಹದ ಸರಪಳಿ ಖಂಡಿತ ಬೇಡ.

ಕೂರಿಸುವ ಜಾಗ ಸ್ವಿಚ್ಚಿನಷ್ಟೇ ಮುಖ್ಯ. ತಗಡಿನ ಮಾಡಿಗೆ ಬಡಿದರೆ ತಗಡು ತಮಟೆಯ ಹಾಗೆ ಸದ್ದು ಮಾಡುತ್ತದೆ, ಎಂಥ ಒಳ್ಳೆಯ ಸ್ವಿಚ್ಚೂ ಅಲ್ಲಿ ಸೋಲುತ್ತದೆ. ಕೊಪ್ಪಳ, ರಾಯಚೂರು ಕಡೆಯ ಮಣ್ಣಿನ ಮಾಳಿಗೆ ಮನೆಯಲ್ಲಾದರೆ ದಪ್ಪ ತೊಲೆಗೆ ಸ್ಕ್ರೂ ಹಾಕಿ, ತೆಳು ಹಲಗೆಗಲ್ಲ. ಆರ್‌ಸಿಸಿ ಇದ್ದರೆ ಪ್ಲಾಸ್ಟಿಕ್ ಪ್ಲಗ್ ಇಟ್ಟು ಬಿಗಿಯಿರಿ. ಎಲ್ಲಿ ಹಾಕಿದರೂ ಸ್ವಿಚ್ಚಿಗೂ ಅದು ಕೂರುವ ಜಾಗಕ್ಕೂ ನಡುವೆ ಸೈಕಲ್ ಟ್ಯೂಬಿನ ರಬ್ಬರ್ ತುಂಡು ಇಡಿ. ವೈರ್ ಬರಲು ಅದರಲ್ಲಿ ತೂತು ಕೊರೆಯಿರಿ.

ದಾರ ನೇರ ಕೆಳಕ್ಕೆ ಇಳಿಯಬೇಕು. ಮಂಚದತ್ತ ಓರೆಯಾಗಿ ಎಳೆದು ಕಟ್ಟಿದರೆ ತೂತಿನ ಒಂದೇ ಬದಿ ಸವೆದು ದಾರ ಹರಿಯುತ್ತದೆ. ತುದಿಯ ಗುಂಡು ಗೋಡೆಗೆ ಬಡಿಯದಂತೆ ನಾಲ್ಕು ಬೆರಳು ದೂರ ಇರಲಿ. ಎಳೆದ ಮೇಲೆ ದಾರವನ್ನು ಥಟ್ಟನೆ ಬಿಡದೆ ಕೈಯಲ್ಲೇ ಮೇಲಕ್ಕೆ ಹೋಗಗೊಡಿ, ಸದ್ದು ಇನ್ನಷ್ಟು ಇಳಿಯುತ್ತದೆ.

ವೈರಿಂಗ್ ಎಲೆಕ್ಟ್ರಿಷಿಯನ್ ಕೈಯಲ್ಲೇ ಆಗಲಿ, ಮೊದಲು ಮೇನ್ ಆಫ್ ಮಾಡಿಸಿ. ಸ್ವಿಚ್ ಫೇಸ್ ವೈರಿಗೇ (ಕರೆಂಟ್ ಬರುವ ವೈರಿಗೆ) ಬಂದಿದೆಯೇ ಎಂದು ಕೇಳಿ ಖಚಿತಪಡಿಸಿಕೊಳ್ಳಿ. ನ್ಯೂಟ್ರಲ್‌ಗೆ (ವಾಪಸ್ ಹೋಗುವ ವೈರಿಗೆ) ಹಾಕಿದರೆ ಆರಿಸಿದ ಮೇಲೂ ಹೋಲ್ಡರಿನಲ್ಲಿ ಕರೆಂಟ್ ಉಳಿದಿರುತ್ತದೆ. ಎಲ್‌ಇಡಿ ಮಿಣುಕುತ್ತಲೂ ಇರಬಹುದು. ವೈರ್ ಒಳಬರುವ ಪೈಪಿನ ಬಾಯಿ ಮುಚ್ಚದಿದ್ದರೆ ಇರುವೆ ಗೂಡು ಕಟ್ಟುತ್ತದೆ.

ಬಳ್ಳಾರಿಯ ಕೆಂಪು ಧೂಳು ಒಳಹೊಕ್ಕು ದಾರ ಬಿಗಿಯಾದರೆ ಎಣ್ಣೆ ಬಿಡಬೇಡಿ, ಎಣ್ಣೆಗೆ ಧೂಳು ಮೆತ್ತಿ ಇನ್ನೂ ಬಿಗಿಯುತ್ತದೆ. ಮೇನ್ ಆಫ್ ಮಾಡಿ, ತೂತಿನ ಬಾಯನ್ನು ಒಣ ಬ್ರಷ್‌ನಿಂದ ತಿಕ್ಕಿ. ಸುಟ್ಟ ವಾಸನೆ ಬಂದರೆ ಅಥವಾ ಮುಚ್ಚಳ ಬಿಸಿಯಾದರೆ ರಿಪೇರಿಗೆ ಹೋಗದೆ ಹೊಸದನ್ನೇ ಹಾಕಿಸಿ.