ಉಪ್ಪಿಗೂ ಹಸಿರಾಗುವ ಹುಳು: ಎಂಟು ತಿಂಗಳ ನನ್ನ ಅನುಭವ

ಉಪ್ಪು ಬೆರೆಸಿದ ಪ್ಲೇಟಿನ ಮೇಲೆ ಸಿ. ಎಲೆಗನ್ಸ್ ಎಂಬ ಪುಟ್ಟ ಹುಳುವಿನಲ್ಲಿ, ರೋಗಾಣು ತಡೆಯುವ ಪ್ರೋಟೀನ್ ತಯಾರಿಸುವ ಎನ್‌ಎಲ್‌ಪಿ-29 ಜೀನ್ ಎದ್ದಿದ್ದನ್ನು, ಅಂದರೆ ಚುರುಕಾಗಿದ್ದನ್ನು, ತೋರಿಸಿದಾಗ ಲ್ಯಾಬಿನ ಹಿರಿಯರು ಹೇಳಿದ್ದು ಒಂದೇ ಮಾತು: "ಪ್ಲೇಟಿಗೆ ಬೂಷ್ಟು ಹತ್ತಿರ್ಬೇಕು ಕಣಯ್ಯಾ, ನೋಡ್ಕೋ." ಅವರ ಅನುಮಾನಕ್ಕೆ ಕಾರಣವಿತ್ತು. ಡ್ರೆಖ್ಮೇರಿಯಾ ಶಿಲೀಂಧ್ರದ ಬೀಜಕ ಚರ್ಮಕ್ಕೆ ಅಂಟಿದರೆ ಏಳುವ ಜೀನ್ ಅದು. ಸೂಜಿ ಚುಚ್ಚಿದರೂ ಏಳುತ್ತದೆ. ಉಪ್ಪಿಗೂ ಏಳುತ್ತದೆಂದು 2008ರಲ್ಲೇ ಅಚ್ಚಾಗಿದೆ. ಆದರೆ ನಮ್ಮ ಲ್ಯಾಬಿನಲ್ಲಿ ಯಾರ ಕೈಯಲ್ಲೂ ಎರಡು ಸಲ ಒಂದೇ ಥರ ಬಂದಿರಲಿಲ್ಲ.

ಮೊದಲ ನಾಲ್ಕು ತಿಂಗಳು, ಜೀನ್ ಎಷ್ಟು ಎದ್ದಿದೆಯೆಂದು ಆರ್‌ಎನ್‌ಎ ಮೂಲಕ ಅಳೆಯುವ ಕ್ಯೂಪಿಸಿಆರ್‌ನಲ್ಲೇ ಹೋಯಿತು. ಉಪ್ಪಿಗೆ ಏಳುವ ಇನ್ನೊಂದು ಜೀನ್, ಗ್ಲಿಸರಾಲ್ ತಯಾರಿಸುವ ಜಿಪಿಡಿಎಚ್-1, ಒಂದು ವಾರ ನಲವತ್ತು ಪಟ್ಟು, ಮುಂದಿನ ವಾರ ಎಂಟು ಪಟ್ಟು. ಜೀನ್ ಗುರುತಿಸುವ ಡಿಎನ್‌ಎ ತುಣುಕನ್ನು (ಪ್ರೈಮರ್) ಬದಲಿಸಿದೆ, ಹೋಲಿಕೆಗೆ ಆಕ್ಟಿನ್ ಜೀನ್ ಬಿಟ್ಟು ಪಿಎಂಪಿ-3 ಹಿಡಿದೆ. ನೆನಪಿನಿಂದ ಹೇಳುವುದಾದರೆ ಮೂವತ್ತೈದು ಸಾವಿರದ ರಾಸಾಯನಿಕ ನೀರುಪಾಲು. ಬೈಸಿಕೊಂಡಿದ್ದು ಬೇರೆ.

ತಪ್ಪು ಇದ್ದದ್ದು ಪ್ಲೇಟಿಗೆ ಸುರಿಯುವ ಜೆಲ್ಲಿಯಲ್ಲಿ, ಅಂದರೆ ಅಗಾರಿನಲ್ಲಿ. ಬೆಂಗಳೂರಿನ ಮಾರ್ಚ್ ಗಾಳಿಗೆ ಪ್ಲೇಟು ಒಣಗುತ್ತದೆ. ಹತ್ತು ಎಂಎಲ್ ಸುರಿದದ್ದು ಎಂಟಕ್ಕೆ ಇಳಿದರೆ 300 ಮಿಲಿಮೋಲಾರ್ (ಸಾಂದ್ರತೆಯ ಅಳತೆ) ಉಪ್ಪು 375 ಆಗಿಬಿಡುತ್ತದೆ! ಚಿಕ್ಕಪೇಟೆಯಲ್ಲಿ ಒಡವೆ ತೂಗುವ ಪುಟ್ಟ ತಕ್ಕಡಿ ಕೊಂಡೆ, ಆರುನೂರರ ಆಸುಪಾಸು. ಸುರಿದ ದಿನ ಪ್ರತಿ ಪ್ಲೇಟಿನ ತೂಕವನ್ನು ತಳದಲ್ಲೇ ಬರೆದೆ. ಹುಳು ಬಿಡುವ ಮುನ್ನ ಅರ್ಧ ಗ್ರಾಂ ಕಡಿಮೆ ಇದ್ದರೂ ಕಸದ ಬುಟ್ಟಿಗೆ. ಇನ್ನೊಂದು ವಿಷಯ, ಉಪ್ಪಿನ ಮೇಲೆ ಹುಳುವಿನ ಊಟವಾದ ಓಪಿ50 ಬ್ಯಾಕ್ಟೀರಿಯಾ ಸರಿಯಾಗಿ ಬೆಳೆಯುವುದಿಲ್ಲ, ಹುಳು ಹಸಿದರೆ ಲೆಕ್ಕವೆಲ್ಲ ತಪ್ಪುತ್ತದೆ. ಹಾಗಾಗಿ ಬ್ಯಾಕ್ಟೀರಿಯಾವನ್ನು ಬೇರೆ ಬೆಳೆಸಿ, ಗಟ್ಟಿ ಮಾಡಿ, ಅದೇ ದಿನ ಹಾಕುತ್ತೇನೆ. ಎಷ್ಟು ಗಟ್ಟಿ, ಯಾವ ನೀರಿನಲ್ಲಿ ಕಲಸುವುದು ಅನ್ನುವುದು ಸದ್ಯಕ್ಕೆ ನನ್ನ ಬಳಿಯೇ ಇರಲಿ.

ಆಮೇಲೆ ಆರ್‌ಎನ್‌ಎ ಗೋಜು ಬಿಟ್ಟು, ಜೀನ್ ಎದ್ದದ್ದನ್ನು ಬಣ್ಣದಿಂದಲೇ ತೋರಿಸುವ ವರದಿ ಹುಳು (ರಿಪೋರ್ಟರ್) ಹಿಡಿದೆ. ಅದರ ಮೈಯೆಲ್ಲ ಯಾವಾಗಲೂ ಕೆಂಪು, ಎನ್‌ಎಲ್‌ಪಿ-29 ಎದ್ದರೆ ಮಾತ್ರ ಹಸಿರು. ಉಪ್ಪಿಗೆ ಬಿಟ್ಟ ಕೂಡಲೇ ಹುಳು ಕುಗ್ಗಿ ಸೆಟೆದು ದಾರದ ತುಂಡಿನಂತೆ ಬೀಳುತ್ತದೆ. ನಿಧಾನಕ್ಕೆ ಮೊದಲು ತಲೆ ಅಲ್ಲಾಡುತ್ತದೆ. ಆರು ಗಂಟೆ ಕಳೆದು ನೋಡಿದರೆ ಮೈಯುದ್ದ ಹಸಿರು. ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಹುಳು, ನಾಲ್ಕು ಸಲವೂ.

ಬೂಷ್ಟಿನ ಮಾತಿಗೆ ಉತ್ತರ ಕೊಡಲು ಒಂದೂವರೆ ತಿಂಗಳು ತಳಿಗಳನ್ನು ಕ್ರಾಸ್ ಮಾಡಿ ಈ ಬಣ್ಣವನ್ನು, ಸೋಂಕಿನ ಸುದ್ದಿಯನ್ನು ಜೀನ್‌ಗೆ ಮುಟ್ಟಿಸುವ ಪಿಎಂಕೆ-1 ಪ್ರೋಟೀನ್ ಇಲ್ಲದ ಹುಳುವಿಗೆ ತಂದೆ. ಬೀಜಕ ಹಾಕಿದರೆ ಅದು ಕೆಂಪಾಗಿಯೇ ಉಳಿಯಿತು. ಉಪ್ಪಿಗೆ ಹಸಿರಾಯಿತು. ಸೋಂಕಿನ ದಾರಿ ಮುಚ್ಚಿದರೂ ಉಪ್ಪಿನ ದಾರಿ ತೆರೆದೇ ಇದೆ. ಹಿರಿಯರು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಐದು ನಿಮಿಷ ನೋಡಿದರು, ಬೂಷ್ಟಿನ ಮಾತು ಮತ್ತೆ ಎತ್ತಲಿಲ್ಲ.

ನಡುವೆ ಸುಮ್ಮನೆ ಡಿಪಿವೈ-7ಗೆ ಆರ್‌ಎನ್‌ಎಐ ಮಾಡಿದ್ದೆ, ಅಂದರೆ ಆ ಜೀನನ್ನು ಅಡಗಿಸಿದ್ದೆ. ಚರ್ಮದ ಸುತ್ತಗೆರೆಗಳನ್ನು ಕಟ್ಟುವ ಕೊಲಾಜೆನ್ ಅದು. ಉಪ್ಪಿನ ಹರಳೂ ಸೇರಿಸದೆ ಜಿಪಿಡಿಎಚ್-1, ಎನ್‌ಎಲ್‌ಪಿ-29 ಎರಡೂ ಎದ್ದವು. ಹುಳುವಿಗೆ ಉಪ್ಪಾಗಲಿ ಶಿಲೀಂಧ್ರವಾಗಲಿ ಮೊದಲು ಗೊತ್ತಾಗುವುದು ಚರ್ಮಕ್ಕೆ ಆದ ಪೆಟ್ಟಿನಿಂದಲೇ ಎಂದು ನನಗೆ ಬಲವಾಗಿ ಅನಿಸುತ್ತದೆ. ಸೋಡಿಯಂ ಇಲ್ಲದ, ಸಕ್ಕರೆಯಂಥ ಸಾರ್ಬಿಟಾಲ್ ಕೂಡ ಹಾಕಿ ನೋಡಿದೆ. ಜಿಪಿಡಿಎಚ್-1 ಅದಕ್ಕೂ ಎದ್ದಿತು, ಅಂದರೆ ಇದು ಸೋಡಿಯಂ ಒಂದರದೇ ಕೆಲಸವಲ್ಲ.

ಮುಂದೆ, 200 ಮಿಲಿಮೋಲಾರ್ ಉಪ್ಪಿನಲ್ಲಿ ಒಂದು ದಿನ ಪಳಗಿಸಿದ ಹುಳುವಿಗೆ ಬೀಜಕ ಹಾಕಿ, ಎಷ್ಟು ದಿನ ತಡೆಯುತ್ತದೆಂದು ಎಣಿಸಬೇಕು. ಪ್ಲೇಟು ನಿನ್ನೆ ರಾತ್ರಿಯೇ ಸುರಿದು ತೂಕ ಬರೆದಿಟ್ಟಿದ್ದೇನೆ.